ಒಂದು ಡ್ರೈವರ್‌ಗೆ ಇಡೀ ಕರ್ನಲ್ ಯಾಕೆ?

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರಿಗೆ ಇಂಜಿನಿಯರಿಂಗ್ ಹುಡುಗರೇ ಜಾಸ್ತಿ ಗಿರಾಕಿಗಳು. ಯುಎಸ್‌ಬಿ ವೈಫೈ ಡಾಂಗಲ್ ತಂದಿರುತ್ತಾರೆ, ಉಬುಂಟು (ಲಿನಕ್ಸ್‌ನ ಒಂದು ಬಗೆ) ಅದನ್ನು ಮೂಸಿಯೂ ನೋಡುವುದಿಲ್ಲ. "ಸಾರ್, ಕರ್ನಲ್ ಪೂರ್ತಿ ಕಂಪೈಲ್ ಮಾಡ್ಬೇಕಂತೆ. ರಾತ್ರಿಯಿಂದ ಓಡ್ತಾ ಇದೆ, ಡಿಸ್ಕೇ ತುಂಬೋಯ್ತು" ಅನ್ನುತ್ತಾರೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಡಾಂಗಲ್‌ಗೆ ಬೇಕಾದದ್ದು ಅದನ್ನು ನಡೆಸುವ ಪುಟ್ಟ ಪ್ರೋಗ್ರಾಂ, ಅಂದರೆ ಡ್ರೈವರ್ ಒಂದೇ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಲಿನಕ್ಸ್ ಕರ್ನಲ್ ಓಡುತ್ತಿರುವಾಗಲೇ ಹೊಸ ಮಾಡ್ಯೂಲ್ (ಕರ್ನಲ್‌ಗೆ ಜೋಡಿಸುವ ಬಿಡಿ ತುಂಡು) ಸೇರಿಸಬಹುದು, ಬೇಡವಾದರೆ ತೆಗೆಯಬಹುದು. ಡ್ರೈವರ್‌ಗಳು ಬಹುಪಾಲು ಹೀಗೇ ಇರುತ್ತವೆ. ಅದಕ್ಕೇ ಮೊದಲು ಡಿಮೆಸೇಜ್ (dmesg, ಕರ್ನಲ್ ಬರೆದಿಟ್ಟ ಸಂದೇಶಗಳನ್ನು ತೋರಿಸುವ ಕಮಾಂಡ್) ಓದಿ. ಎಷ್ಟೋ ಸಲ ಮಾಡ್ಯೂಲ್ ಇದ್ದೇ ಇರುತ್ತದೆ, ಫರ್ಮ್‌ವೇರ್ (ಡಾಂಗಲ್ ಒಳಗೇ ಓಡುವ ಪ್ರೋಗ್ರಾಂ) ಫೈಲ್ ಒಂದು ಇರುವುದಿಲ್ಲ, ಅಷ್ಟೇ. ಆಗ ಕಂಪೈಲ್ ಮಾಡುವ ಮಾತೇ ಇಲ್ಲ.

ಮಾಡ್ಯೂಲ್ ನಿಜಕ್ಕೂ ಇಲ್ಲವೆಂದರೆ ಅದೊಂದನ್ನೇ ಬಿಲ್ಡ್ ಮಾಡಿ. ಬೇಕಾಗುವುದು ಕಂಪೈಲರ್, ಡ್ರೈವರ್‌ನ ಸೋರ್ಸ್ (ಮೂಲ ಕೋಡ್), ಮತ್ತು ಕರ್ನಲ್ ಹೆಡರ್‌ಗಳ ಪ್ಯಾಕೇಜ್. ನಿಮ್ಮ ಕರ್ನಲ್ ಯಾವ ಸೆಟ್ಟಿಂಗ್‌ನಲ್ಲಿ ಬಿಲ್ಡ್ ಆಗಿದೆ, ಯಾವ ಫಂಕ್ಷನ್‌ಗಳನ್ನು ಹೊರಗಿನವರಿಗೆ ಬಿಟ್ಟುಕೊಟ್ಟಿದೆ ಅನ್ನುವುದೆಲ್ಲ ಆ ಪ್ಯಾಕೇಜಿನಲ್ಲೇ ಇರುತ್ತದೆ. ಮೇಕ್ (make) ಕಮಾಂಡ್ ಕೊಟ್ಟು, ಒಂದು ಪೊಟ್ಟಣ ಮಂಡಕ್ಕಿ-ಮಿರ್ಚಿ ಖಾಲಿಯಾಗುವುದರೊಳಗೆ ಕೆಲಸ ಮುಗಿದಿರುತ್ತದೆ. ಆಮೇಲೆ ಇನ್ಸ್ಟಾಲ್ ಮಾಡಿ, ಯಾವ ಮಾಡ್ಯೂಲ್‌ಗೆ ಯಾವುದು ಬೇಕು ಅಂತ ಪಟ್ಟಿ ಮಾಡುವ ಡೆಪ್‌ಮಾಡ್ (depmod) ಓಡಿಸಿ, ಮಾಡ್‌ಪ್ರೋಬ್ (modprobe) ಕಮಾಂಡಿನಿಂದ ಲೋಡ್ ಮಾಡಿ. ಇನ್ಸ್‌ಮಾಡ್ (insmod) ಕಮಾಂಡಿನಿಂದಲೂ ಆಗುತ್ತದೆ, ಆದರೆ ಜೊತೆಗೆ ಬೇಕಾದ ಬೇರೆ ಮಾಡ್ಯೂಲ್‌ಗಳನ್ನು ಅದು ತಾನಾಗಿ ಎಳೆದು ತರುವುದಿಲ್ಲ.

ಹುಡುಗರು ಸಿಕ್ಕಿಹಾಕಿಕೊಳ್ಳುವುದು ವರ್ಷನ್‌ನಲ್ಲಿ. 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಅಂತ ಬಂತೆಂದರೆ ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಡಿಮೆಸೇಜ್‌ನ ಕೊನೆಯ ಸಾಲು ನೋಡಿ. ಮಾಡ್ಯೂಲ್ 5.15.0-92ಕ್ಕೆ ಬಿಲ್ಡ್ ಆಗಿದೆ, ಓಡುತ್ತಿರುವುದು 5.15.0-91 ಅಂತ ಅಲ್ಲೇ ಹೇಳಿರುತ್ತದೆ. ಅಪ್‌ಡೇಟ್ ಹೊಸ ಕರ್ನಲ್, ಹೊಸ ಹೆಡರ್ ಎರಡನ್ನೂ ಹಾಕಿರುತ್ತದೆ. ಇವರು ಲ್ಯಾಪ್‌ಟಾಪ್ ಮಡಚಿ ಬ್ಯಾಗಿಗೆ ಹಾಕುವವರು, ರೀಬೂಟ್ ಮಾಡಿ ಯಾವ ಕಾಲವಾಯಿತೋ! ಮೊದಲು ರೀಬೂಟ್ ಮಾಡಿ, ಯುನೇಮ್ (uname) ಕಮಾಂಡಿನಲ್ಲಿ ಓಡುತ್ತಿರುವ ಕರ್ನಲ್‌ನ ವರ್ಷನ್ ನೋಡಿ, ಆಮೇಲೆ ಬಿಲ್ಡ್ ಮಾಡಿ. ಫೋರ್ಸ್ ಮಾಡಿ ತುರುಕುವ ದಾರಿಯೂ ಇದೆ. ಆ ಕಡೆ ಹೋಗಬೇಡಿ. ಕರ್ನಲ್ ಒಳಗೆ ತಪ್ಪಾದರೆ ಇಡೀ ಮಷಿನ್ನೇ ನಿಂತುಬಿಡುತ್ತದೆ.

ಇಷ್ಟಾದರೂ ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ವೈಫೈ ಮತ್ತೆ ಹೋಗುತ್ತದೆ, ಅಲ್ವಾ? ಅದಕ್ಕೆ ಡಿಕೆಎಂಎಸ್ (DKMS) ಅನ್ನುವ ಟೂಲ್ ಇದೆ. ಡೆಲ್ ಕಂಪನಿ 2003ರಲ್ಲಿ ಹೊರತಂದದ್ದು. ಸೋರ್ಸನ್ನು ಅದಕ್ಕೆ ಒಪ್ಪಿಸಿಬಿಟ್ಟರೆ, ಹೊಸ ಕರ್ನಲ್ ಬಂದಾಗಲೆಲ್ಲ ಮಾಡ್ಯೂಲನ್ನು ತಾನೇ ಬಿಲ್ಡ್ ಮಾಡುತ್ತದೆ. ಹೊರಗಿನ ಡ್ರೈವರನ್ನು ಡಿಕೆಎಂಎಸ್ ಇಲ್ಲದೆ ಹಾಕಿಕೊಡುವುದು ನನ್ನ ಪ್ರಕಾರ ಅರ್ಧ ಕೆಲಸ.

ಸೆಕ್ಯೂರ್ ಬೂಟ್ (ನಂಬಬಹುದಾದ ಡಿಜಿಟಲ್ ಸಹಿ ಇರುವುದನ್ನಷ್ಟೇ ಓಡಲು ಬಿಡುವ ವ್ಯವಸ್ಥೆ) ಆನ್ ಇದ್ದರೆ ಇನ್ನೊಂದು ತೊಡಕು. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ, 'ಕೀ ರಿಜೆಕ್ಟೆಡ್' ಅನ್ನುತ್ತದೆ. ಉಬುಂಟುದಲ್ಲಿ ಡಿಕೆಎಂಎಸ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಬೂಟ್ ಆದಾಗ ನೀಲಿ ಸ್ಕ್ರೀನ್ ಬರುತ್ತದೆ, ಹತ್ತು ಸೆಕೆಂಡ್ ಎಣಿಸುತ್ತದೆ. ಅಷ್ಟರಲ್ಲಿ ಒಂದು ಕೀ ಒತ್ತಿ, 'ಎನ್‌ರೋಲ್ ಎಂಓಕೆ' (ನಿಮ್ಮ ಮಷಿನ್‌ನ ಸಹಿಯ ಕೀಯನ್ನು ನೋಂದಾಯಿಸುವ ಆಯ್ಕೆ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ವೈರಸ್ ಇರಬೇಕು ಅಂತ ಗಾಬರಿಯಾಗಿ ಸುಮ್ನೆ ಕೂತರೆ ಮಷಿನ್ ಎಂದಿನಂತೆ ಬೂಟ್ ಆಗುತ್ತದೆ, ವೈಫೈ ಮಾತ್ರ ಬರುವುದಿಲ್ಲ.

ಎಲ್ಲವೂ ಮಾಡ್ಯೂಲ್ ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಕರ್ನಲ್ ಕಾನ್ಫಿಗ್‌ನಲ್ಲಿ ಕೆಲವಕ್ಕೆ 'ಎಂ' (ಮಾಡ್ಯೂಲ್) ಅನ್ನುವ ಆಯ್ಕೆಯೇ ಇಲ್ಲ, 'ವೈ' (ಕರ್ನಲ್ ಒಳಗೇ ಇರಲಿ) ಇಲ್ಲವೇ 'ಎನ್' (ಬೇಡ) ಮಾತ್ರ. ಅಂಥದ್ದು ಬೇಕಾದರೆ ಪೂರ್ತಿ ಬಿಲ್ಡ್ ಮಾಡಲೇಬೇಕು. ಆಗಲೂ 'ಲೋಕಲ್‌ಮಾಡ್‌ಕಾನ್ಫಿಗ್' ಬಳಸಿದರೆ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಡುತ್ತದೆ, ಸಮಯ ಬಹಳ ಉಳಿಯುತ್ತದೆ. ಆದರೆ ಅದನ್ನು ಓಡಿಸುವ ಮೊದಲು ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್ ಎಲ್ಲವನ್ನೂ ಒಮ್ಮೆ ಸಿಕ್ಕಿಸಿಡಿ, ಅವುಗಳ ಮಾಡ್ಯೂಲ್‌ಗಳೂ ಲೋಡ್ ಆಗಿರಲಿ.