ಎಮೆಟ್ ಟಿಲ್: 67 ನಿಮಿಷದ ತೀರ್ಪು, ಇನ್ನೂ ಆರದ ಗಾಯ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ, ಟಲ್ಲಹಾಚಿ ನದಿ ಹತ್ರ ಎಮೆಟ್ ಟಿಲ್ ನೆನಪಿಗೆ ಹಾಕಿರೋ ಒಂದು ಬೋರ್ಡ್ ಇದೆ. 2008ರಲ್ಲಿ ನೆಟ್ಟಿದ್ದನ್ನ ಯಾರೋ ಕಿತ್ಕೊಂಡು ಹೋದ್ರು, ಮತ್ತೆ ಹಾಕಿದ್ರೆ ಗುಂಡು ಹೊಡೆದು ಜರಡಿ ಮಾಡಿದ್ರು, ಹಿಂಗೇ ಆಗಿ ಆಗಿ 2019ರಲ್ಲಿ ಸುಮಾರು 225 ಕೆಜಿಯ ಬುಲೆಟ್‌ಪ್ರೂಫ್ ಬೋರ್ಡೇ ನಿಲ್ಲಿಸಬೇಕಾಯ್ತು. ಬರೀ ಒಂದು ಹೆಸರಿನ ಮೇಲೆ ಇಷ್ಟು ಸಿಟ್ಟು ಯಾಕೆ ಅಂದ್ರೆ 1955ಕ್ಕೆ ಹೋಗ್ಬೇಕು.

ಎಮೆಟ್ ಟಿಲ್ ಶಿಕಾಗೋದ ಕಪ್ಪು ಹುಡುಗ, 14 ವರ್ಷ. ರಜೆಗೆ ಅಂತ ಮಿಸಿಸಿಪಿಯ ಮನಿ ಅನ್ನೋ ಊರಿಗೆ, ಸಂಬಂಧದಲ್ಲಿ ಅಜ್ಜ ಆಗೋ ಮೋಸೆಸ್ ರೈಟ್ ಮನೆಗೆ ಬಂದಿದ್ದ. ಅಂಗಡಿಯಲ್ಲಿ ಬಿಳಿ ಹೆಂಗಸಿಗೆ ಸಿಳ್ಳೆ ಹೊಡೆದ ಅಂತ ಮಾತು ಎದ್ದಿತು. ಆಗಸ್ಟ್ 28ರ ನಡುರಾತ್ರಿ ಇಬ್ಬರು ಬಂದು ಮಲಗಿದ್ದ ಹುಡುಗನ್ನ ಎಬ್ಬಿಸಿ ಕರ್ಕೊಂಡು ಹೋದ್ರು. ಮೂರು ದಿನ ಆದ್ಮೇಲೆ ನದಿಯಲ್ಲಿ ಹೆಣ ಸಿಕ್ತು, ಹತ್ತಿ ಜಿನ್ನಿಂಗ್ ಮಿಲ್ಲಿನ 34 ಕೆಜಿ ಫ್ಯಾನನ್ನ ಮುಳ್ಳುತಂತಿಯಲ್ಲಿ ಕುತ್ತಿಗೆಗೆ ಬಿಗಿದಿದ್ರು. ಮುಖ ಗುರುತೇ ಸಿಗ್ತಿರಲಿಲ್ಲ. ಬೆರಳಲ್ಲಿ ಉಂಗುರ ಇತ್ತು, ಅದರ ಮೇಲೆ ಅಪ್ಪನ ಇನಿಶಿಯಲ್.

ತಾಯಿ ಮೇಮಿ ಶವಪೆಟ್ಟಿಗೆ ಮುಚ್ಚೋಕೆ ಬಿಡಲಿಲ್ಲ, ನನ್ನ ಮಗನಿಗೆ ಏನು ಮಾಡಿದಾರೆ ಲೋಕವೇ ನೋಡಲಿ ಅಂದ್ರು. ಸಾವಿರಾರು ಜನ ಸಾಲಲ್ಲಿ ನಿಂತು ನೋಡಿದ್ರು, ಜೆಟ್ ಪತ್ರಿಕೆ ಫೋಟೋ ಹಾಕ್ತು.

ಆ ಇಬ್ಬರ ವಿಚಾರಣೆ ಸಮ್ನರ್ ಊರಿನ ಕೋರ್ಟಲ್ಲಿ. ಜ್ಯೂರಿ, ಅಂದ್ರೆ ತೀರ್ಪು ಕೊಡೋ ನಾಗರಿಕರು, 12 ಜನ, ಅಷ್ಟೂ ಬಿಳಿ ಗಂಡಸರು. ಮೋಸೆಸ್ ರೈಟ್ ಎದ್ದು ನಿಂತು ಬಂದಿದ್ದು ಇವರೇ ಅಂತ ಬೆರಳು ಮಾಡಿ ತೋರಿಸಿದ್ರು, ಆ ಕಾಲಕ್ಕೆ ಅಲ್ಲಿ ಒಬ್ಬ ಕಪ್ಪು ಮನುಷ್ಯ ಹಂಗೆ ತೋರಿಸೋದು ಅಂದ್ರೆ ಜೀವದ ಆಸೆ ಬಿಟ್ಟ ಹಾಗೇನೇ, ಆಮೇಲೆ ಅವರು ಊರೇ ಬಿಡಬೇಕಾಯ್ತು. ಆರೋಪಿಗಳ ಪರ ವಾದ ಏನು ಗೊತ್ತಾ, ಈ ಹೆಣ ಆ ಹುಡುಗಂದೇ ಅಲ್ಲ ಅಂತ! ಹೆತ್ತ ತಾಯಿ ಕಟಕಟೆಯಲ್ಲಿ ನಿಂತು ನನ್ನ ಮಗನೇ ಅಂದ ಮೇಲೂ. 67 ನಿಮಿಷಕ್ಕೆ ಖುಲಾಸೆ. ಮಧ್ಯೆ ಸೋಡಾ ಕುಡಿಯೋಕೆ ನಿಲ್ಲದಿದ್ರೆ ಅಷ್ಟು ಹೊತ್ತೂ ಹಿಡೀತಿರಲಿಲ್ಲ ಅಂತ ಒಬ್ಬ ಜ್ಯೂರರ್ ಹೇಳಿದ್ದು ಪೇಪರಲ್ಲಿ ಬಂತು.

ನಾಲ್ಕು ತಿಂಗಳಲ್ಲಿ ಅದೇ ಇಬ್ಬರು ದುಡ್ಡು ತಗೊಂಡು ಕೊಂದಿದ್ದು ನಾವೇ ಅಂತ ಲುಕ್ ಪತ್ರಿಕೆಗೆ ಹೇಳಿದ್ರು. ಒಂದೇ ಆರೋಪಕ್ಕೆ ಎರಡನೇ ವಿಚಾರಣೆ ಇಲ್ಲ ಅನ್ನೋ ನಿಯಮ ಇತ್ತಲ್ಲ, ಕೊಲೆ ಕೇಸಲ್ಲಿ ಯಾರೂ ಏನೂ ಮಾಡೋ ಹಾಗಿರಲಿಲ್ಲ.

ಎಮೆಟ್ ಕೊಲೆ ಆದ್ಮೇಲೆ ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಡಲ್ಲ ಅಂದ ರೋಸಾ ಪಾರ್ಕ್ಸ್, ಬಸ್ ಬಹಿಷ್ಕಾರ, ಆ ಫೋಟೋ ನೋಡಿ ಬೆಳೆದ ಹುಡುಗರ ಹೋರಾಟ, 1964ರ ನಾಗರಿಕ ಹಕ್ಕು ಕಾಯ್ದೆ. 2005ರಲ್ಲಿ ಸಮಾಧಿ ಅಗೆದು ಡಿಎನ್‌ಎ ಟೆಸ್ಟ್ ಮಾಡಿದಾಗ ತಾಯಿ ಹೇಳಿದ್ದೇ ನಿಜ ಅಂತಾಯ್ತು, ಆದ್ರೆ ಮೇಮಿ ತೀರಿಕೊಂಡು ಆಗ್ಲೇ ಎರಡು ವರ್ಷ ಆಗಿತ್ತು. ಲಿಂಚಿಂಗನ್ನ, ಅಂದ್ರೆ ಗುಂಪು ಸೇರಿ ಕೊಲ್ಲೋದನ್ನ, ಇಡೀ ದೇಶಕ್ಕೆ ಅನ್ವಯಿಸೋ ಫೆಡರಲ್ ಅಪರಾಧ ಮಾಡೋ ಕಾನೂನು ಎಮೆಟ್ ಹೆಸರಲ್ಲೇ ಬಂತು, ಅದೂ 2022ರಲ್ಲಿ. ಅದೇ ವರ್ಷ ಕೋರ್ಟಿನ ನೆಲಮಾಳಿಗೆಯ ಒಂದು ಡಬ್ಬದಲ್ಲಿ ಆ ಅಂಗಡಿ ಹೆಂಗಸಿನ ಹೆಸರಿಗಿದ್ದ 1955ರ ಅರೆಸ್ಟ್ ವಾರಂಟ್ ಸಿಕ್ತು, ಜಾರಿನೇ ಆಗಿರಲಿಲ್ಲ. ಕುಟುಂಬದವರು ಈಗಲಾದ್ರೂ ಅರೆಸ್ಟ್ ಮಾಡಿ ಅಂದ್ರು. ಕೇಸು ನಡೆಸಬೇಕಾ ಬೇಡ್ವಾ ಅಂತ ನಿರ್ಧರಿಸೋ ನಾಗರಿಕರ ತಂಡ, ಅಂದ್ರೆ ಗ್ರ್ಯಾಂಡ್ ಜ್ಯೂರಿ, ಚಾರ್ಜ್ ಹಾಕೋಕೆ ಒಪ್ಪಲಿಲ್ಲ, ಮುಂದಿನ ವರ್ಷ ಆಕೆನೂ ತೀರಿಕೊಂಡ್ರು.