1976ರ ಗಾಲ್ಫ್ ಕಾರು ಮತ್ತು 2020ರ ಗಾಲ್ಫ್: ಅಂಕಿಗಳನ್ನು ಅಕ್ಕಪಕ್ಕ ಇಡುವ ಮೊದಲು

ಹಳೆಯ ಕಾರು ಮತ್ತು ಹೊಸ ಕಾರಿನ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಬರೆದು ತಂದು, ‘ಹೊಸದು ಎರಡು ಪಟ್ಟು ಶಕ್ತಿಯದ್ದಲ್ಲವೇ?’ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ತೂಕದ ಸಾಲನ್ನು. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಇದಕ್ಕೆ ಒಳ್ಳೆಯ ಉದಾಹರಣೆ. 1976ರ ಮೊದಲ ಪೀಳಿಗೆಯದ್ದು 1.6 ಲೀಟರ್, 110 ಅಶ್ವಶಕ್ತಿ, ಸುಮಾರು 810 ಕಿಲೋ. 2020ರ ಎಂಟನೇ ಪೀಳಿಗೆಯದ್ದು 2 ಲೀಟರ್ ಟರ್ಬೊ, 245 ಅಶ್ವಶಕ್ತಿ, ಸುಮಾರು 1,460 ಕಿಲೋ. ಆದರೆ ಈ ಎರಡು ತೂಕಗಳನ್ನು ಲೆಕ್ಕ ಹಾಕಿದ ರೀತಿ ಒಂದೇ ಅಲ್ಲ. ಇಂದಿನ ಯುರೋಪಿನ ನಿಯಮದಂತೆ ಖಾಲಿ ತೂಕದಲ್ಲಿಯೇ ಚಾಲಕನ ಲೆಕ್ಕದ 75 ಕಿಲೋ ಅಡಗಿರುತ್ತದೆ. ಹಳೆಯ ಅಂಕಿಯಲ್ಲಿ ಅದಿಲ್ಲ. ಅದನ್ನು ಕಳೆದರೆ ಟನ್ನಿಗೆ ಹಳೆಯದರಲ್ಲಿ 136, ಹೊಸದರಲ್ಲಿ ಸುಮಾರು 177 ಅಶ್ವಶಕ್ತಿ ಬರುತ್ತದೆ. ಶಕ್ತಿ ಎರಡು ಪಟ್ಟು ಮೀರಿದರೂ ತೂಕಕ್ಕೆ ತಕ್ಕ ಗಳಿಕೆ ಶೇಕಡಾ 30ರಷ್ಟು ಮಾತ್ರ. (1972ಕ್ಕೂ ಹಿಂದಿನ ಅಮೆರಿಕನ್ ಕಾರಾಗಿದ್ದರೆ ಶಕ್ತಿಯ ಅಂಕಿಯನ್ನೂ ಅನುಮಾನದಿಂದಲೇ ನೋಡಬೇಕಿತ್ತು. ಆಗ ಅಲ್ಲಿ ಸೈಲೆನ್ಸರ್, ಆಲ್ಟರ್ನೇಟರ್‌ಗಳ ಹೊರೆಯಿಲ್ಲದ ಎಂಜಿನ್ನನ್ನು ಅಳೆದು ಬರೆಯುವುದೇ ವಾಡಿಕೆಯಾಗಿತ್ತು.)

ಹಾಗಾದರೆ ಹೊಸ ಕಾರು ಅಷ್ಟೊಂದು ಚುರುಕೆನಿಸುವುದೇಕೆ? ಉತ್ತರ ಟಾರ್ಕ್‌ನಲ್ಲಿದೆ (ಎಂಜಿನ್ ತಿರುಗಿಸುವ ಬಲ), ಅದರಲ್ಲೂ ಟಾರ್ಕ್ ಯಾವ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತದೆ ಎಂಬುದರಲ್ಲಿದೆ. ಹಳೆಯ ಎಂಜಿನ್ 140 ನ್ಯೂಟನ್ ಮೀಟರ್ ಕೊಡುವುದು 5,000 ಆರ್‌ಪಿಎಂನಲ್ಲಿ. ಹೊಸದು 370 ನ್ಯೂಟನ್ ಮೀಟರನ್ನು 1,600ರಿಂದಲೇ ಕೊಡತೊಡಗಿ 4,300ರವರೆಗೂ ಬಿಡುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಟಾಪ್ ಗೇರಿನಲ್ಲಿ, ಮುಂದಿನ ಲಾರಿಯನ್ನು ಹಿಂದಿಕ್ಕಬೇಕೆಂದುಕೊಳ್ಳಿ. ನಾಲ್ಕು ಗೇರಿನ ಹಳೆಯ ಕಾರಿನಲ್ಲಿ ಎಂಜಿನ್ ಆಗ 3,000ಕ್ಕೂ ಕೆಳಗೆ ತಿರುಗುತ್ತಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗೊಣಗುತ್ತಲೇ ಮುಂದೆ ಸಾಗುವುದನ್ನು ತಪ್ಪಿಸಲು ಒಂದೆರಡು ಗೇರ್ ಇಳಿಸಲೇಬೇಕು. ಇಳಿಸಿ ಸೂಜಿ 5,000 ದಾಟಿತೋ, ಅದೇ ಕಾರು ಬೇರೆಯೇ ಪ್ರಾಣಿಯಾಗುತ್ತದೆ. ಹೊಸದರಲ್ಲಿ ಕಾಲೊತ್ತಿದರೆ ಕೆಲಸ ಮುಗಿಯಿತು. ಸೊನ್ನೆಯಿಂದ ನೂರಕ್ಕೆ ಹಳೆಯದಕ್ಕೆ ಸುಮಾರು 9 ಸೆಕೆಂಡು, ಹೊಸದಕ್ಕೆ ಆರು ಚಿಲ್ಲರೆ ಎಂಬ ಅಂಕಿ ಈ ವ್ಯತ್ಯಾಸವನ್ನು ತೀರ ಕಡಿಮೆ ಮಾಡಿ ಹೇಳುತ್ತದೆ, ಏಕೆಂದರೆ ಆ ಪರೀಕ್ಷೆಯಲ್ಲಿ ಹಳೆಯ ಎಂಜಿನ್ನನ್ನು ಅದಕ್ಕೆ ಒಗ್ಗುವ ಮೇಲಿನ ಆರ್‌ಪಿಎಂನಲ್ಲಿಯೇ ದುಡಿಸಲಾಗುತ್ತದೆ.

ಗರಿಷ್ಠ ವೇಗದ ಲೆಕ್ಕ ಇನ್ನೂ ಸ್ವಾರಸ್ಯಕರ. ಹಳೆಯದು ಗಂಟೆಗೆ 182 ಕಿ.ಮೀ., ಹೊಸದು 250. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, 1976ರ ಆ ಚೌಕಾಕಾರದ ಮೈಕಟ್ಟನ್ನೇ 250ಕ್ಕೆ ಓಡಿಸಲು ಸುಮಾರು 285 ಅಶ್ವಶಕ್ತಿ ಬೇಕಾಗುತ್ತಿತ್ತು. ಅಗಲ ಹೆಚ್ಚಿದ್ದೂ ಹೊಸ ಕಾರು 245ರಲ್ಲೇ ಅದನ್ನು ಸಾಧಿಸುತ್ತದೆ. ಉಳಿದದ್ದು ಮೈಕಟ್ಟಿನ ದುಡಿಮೆ.

ಬ್ರೇಕಿನ ವಿಷಯದಲ್ಲಿ ತೂಕ ಮತ್ತೆ ಎದುರು ನಿಲ್ಲುತ್ತದೆ. ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲುವಾಗ, ಚಾಲಕನನ್ನೂ ಸೇರಿಸಿದರೆ, ಹಳೆಯ ಕಾರು ಸುಮಾರು 340 ಕಿಲೋಜೂಲ್ ಚಲನಶಕ್ತಿಯನ್ನು ಕಳೆಯಬೇಕು, ಹೊಸದು 560. ಆದರೂ ಹೊಸದು ಬೇಗ ನಿಲ್ಲುವುದಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಒಂದು ಕಾರಣವಾದರೆ, ಟೈರು ಅದಕ್ಕಿಂತ ದೊಡ್ಡ ಕಾರಣ. ಹಳೆಯದರ 13 ಇಂಚಿನ ರಿಮ್ಮಿಗೆ 175 ಮಿಲಿಮೀಟರ್ ಅಗಲದ ಟೈರುಗಳಿದ್ದವು. ಅಗಲವಷ್ಟೇ ಅಲ್ಲ, ಆ ಕಾಲದ ರಬ್ಬರಿನ ಹಿಡಿತವೂ ಬೇರೆ. ಆದ್ದರಿಂದ 1976ರಲ್ಲಿ ಅಳೆದ ಬ್ರೇಕಿಂಗ್ ದೂರವನ್ನು ಇಂದಿನ ಪರೀಕ್ಷೆಯ ಪಕ್ಕದಲ್ಲಿ ನಾನು ಇಡುವುದಿಲ್ಲ. ಅದೇ ಹಳೆಯ ಕಾರಿಗೆ ಅದೇ ಅಳತೆಯ ಹೊಸ ಟೈರು ಹಾಕಿಸಿ ಅದೇ ರಸ್ತೆಯಲ್ಲಿ ಮತ್ತೊಮ್ಮೆ ಅಳೆದ ಮೇಲೆಯೇ ಆ ಸಾಲನ್ನು ಕೋಷ್ಟಕದಲ್ಲಿ ತುಂಬುತ್ತೇನೆ.