ಕೆರೆ ಹಿಂದಿನ ಗದ್ದೆಯಲ್ಲಿ ಗಂಧಸಾಲೆ ಘಮಿಸುತ್ತದೆಯೇ?

ಓದುಗರ ಪ್ರಶ್ನೆ: ನಮ್ಮದು ಕುಣಿಗಲ್ ಕಡೆ, ಕೆರೆ ಹಿಂದೆ ಹತ್ತು ಗುಂಟೆ ಗದ್ದೆ ಇದೆ. ಮನೆ ಮಟ್ಟಿಗೆ ಗಂಧಸಾಲೆ ಹಾಕೋಣ ಅಂತಿದೀವಿ. ಅದು ಮಲೆನಾಡಿನ ಭತ್ತ, ಬಯಲುಸೀಮೇಲಿ ಬೆಳೆದರೆ ಘಮ ಬರಲ್ಲ ಅಂತಾರೆ ಊರಲ್ಲಿ. ನಿಜವಾ?

ಉತ್ತರ: ಘಮ ಬರುತ್ತದೆ. ಆದರೆ ಹೊತ್ತು ಮೀರಿ ಬಿತ್ತಿ, ಕುಯ್ದ ಭತ್ತವನ್ನು ಸುಡುಬಿಸಿಲಿಗೆ ಹರವಿ, ಅಕ್ಕಿ ಮಾಡಿಸಿ ವರ್ಷವಿಡೀ ಚೀಲದಲ್ಲಿಟ್ಟರೆ ಊರಿನವರ ಮಾತೇ ಗೆಲ್ಲುತ್ತದೆ.

ಗಂಧಸಾಲೆಯ ಪರಿಮಳ ಮೊದಲು ತಳಿಯದು, ಆಮೇಲೆ ಹವೆಯದು. ಬಾಸುಮತಿ, ಮಹಾರಾಷ್ಟ್ರದ ಅಂಬೆಮೊಹರ್, ವಯನಾಡಿನ ಗಂಧಕಸಾಲದಂಥ ಘಮದ ಭತ್ತಗಳೆಲ್ಲದರ ಘಮಕ್ಕೆ ಮುಖ್ಯ ಕಾರಣ 2-ಅಸಿಟೈಲ್-1-ಪಿರೊಲಿನ್ ಎಂಬ, ಸುಲಭವಾಗಿ ಆವಿಯಾಗಿ ಹೋಗುವ ವಸ್ತು. ಬಿರಿಯಾನಿಗೆ ಹಾಕುವ ರಂಬೆ ಎಲೆಯಲ್ಲಿರುವುದೂ ಇದೇ. ಸಾಮಾನ್ಯ ಭತ್ತದಲ್ಲಿ ಒಂದು ಜೀನ್ ಇದು ಕೂಡಿಕೊಳ್ಳದಂತೆ ತಡೆಯುತ್ತದೆ. ಘಮದ ತಳಿಗಳಲ್ಲಿ ಆ ಜೀನ್ ಕೆಟ್ಟಿರುತ್ತದೆ. ಅದು ಕೆಟ್ಟಿದ್ದೇ ನಮಗೆ ಒಳ್ಳೆಯದಾಯಿತು. ಇನ್ನು ಎಷ್ಟು ಕೂಡಿಕೊಳ್ಳುತ್ತದೆ ಎಂಬುದು ಕಾಳು ಕಟ್ಟುವ ಮೂರ್ನಾಲ್ಕು ವಾರಗಳ ಮೇಲೆ ನಿಂತಿದೆ. ಹಗಲು 25 ಡಿಗ್ರಿ, ರಾತ್ರಿ 20 ಡಿಗ್ರಿ ಆಸುಪಾಸಿನಲ್ಲಿದ್ದರೆ ಘಮ ಚೆನ್ನಾಗಿ ನಿಲ್ಲುತ್ತದೆ. ನವೆಂಬರಿನ ತುಮಕೂರು, ಕೋಲಾರದ ಹವೆ ಇದಕ್ಕೆ ದೂರವೇನಲ್ಲ. ಬೋರ್‌ವೆಲ್ ನೀರಿದೆ ಎಂದು ಬೇಸಿಗೆ ಬೆಳೆಯಾಗಿ ಹಾಕಿದರೆ ಮಾತ್ರ ಕೆಲಸ ಕೆಟ್ಟಂತೆ, ಏಪ್ರಿಲ್ ಬಿಸಿಲಲ್ಲಿ ಕಟ್ಟಿದ ಕಾಳಿಗೆ ಘಮ ಹತ್ತುವುದಿಲ್ಲ.

ಬಯಲುಸೀಮೆಯ ನಿಜವಾದ ತೊಡಕು ನೀರಿನ ತಾರೀಕು. ಗಂಧಸಾಲೆ ಐದು ತಿಂಗಳ ಹತ್ತಿರದ ಬೆಳೆ, ಅದೂ ಹಗಲು ಕಿರಿದಾಗುವುದನ್ನು ನೋಡಿಕೊಂಡು ಹೊಡೆ (ತೆನೆಯ ಮೊಗ್ಗು) ತೆಗೆಯುವಂಥದು. ಐಆರ್ 64 ತರಹದ ಸುಧಾರಿತ ಭತ್ತದ ತಳಿಯನ್ನು ತಡವಾಗಿ ಬಿತ್ತಿದರೆ ತೆನೆಯೂ ಅಷ್ಟೇ ತಡವಾಗಿ ಬರುತ್ತದೆ. ಗಂಧಸಾಲೆ ಹಾಗಲ್ಲ. ಮಳೆಗಾಲದಲ್ಲಿ ನೀವು ಯಾವಾಗ ಬಿತ್ತಿದರೂ ಅದು ತೆನೆ ಬಿಡುವುದು ಹೆಚ್ಚುಕಡಿಮೆ ಅದೇ ಅಕ್ಟೋಬರ್–ನವೆಂಬರಿನಲ್ಲಿ. ಮೇ ತಿಂಗಳಲ್ಲೇ ಬಿತ್ತಿದರೆ ಎತ್ತರಕ್ಕೆ ಬೆಳೆದು ಮಲಗುತ್ತದೆ. ಸೆಪ್ಟೆಂಬರಿನಲ್ಲಿ ಬಿತ್ತಿದರೆ ತೆಂಡೆ (ಬುಡದ ಕವಲು) ಒಡೆಯಲು ಸಮಯ ಸಿಗದೆ ಗಿಡ್ಡ ಪೈರಿಗೆ ಗಿಡ್ಡ ತೆನೆ. ಮಲೆನಾಡಲ್ಲಿ ಜೂನ್ ಮಳೆಗೆ ಒಟ್ಟಲು (ಸಸಿಮಡಿ) ಹಾಕುತ್ತಾರೆ. ನಿಮ್ಮ ಕಡೆ ಮಳೆಯ ಜೋರೆಲ್ಲ ಸೆಪ್ಟೆಂಬರ್–ಅಕ್ಟೋಬರಿಗೆ, ಕೆರೆ ತುಂಬುವುದೂ ಆಗಲೇ. ಆದ್ದರಿಂದ ಕೆರೆಯನ್ನು ಕಾಯಬೇಡಿ. ಜುಲೈ ಮೊದಲ ಹದಿನೈದು ದಿನದೊಳಗೆ ಒಂದು ಗುಂಟೆಗೆ ಬೋರ್‌ವೆಲ್ ನೀರಿನಲ್ಲಿ ಒಟ್ಟಲು ಹಾಕಿ, ಆಗಸ್ಟ್ ಮಧ್ಯದ ಹೊತ್ತಿಗೆ ನಾಟಿ ಮುಗಿಸಿ. 35 ದಿನದ ಸಸಿಯಾದರೂ ಈ ಜಾತಿಗೆ ನಡೆಯುತ್ತದೆ. ನಾಟಿಗೂ ಆಮೇಲಿನ ಒಂದೆರಡು ತಿಂಗಳಿಗೂ ನೀರಿನ ದಾರಿ ಇಲ್ಲದಿದ್ದರೆ ಆ ವರ್ಷ ಬಿಟ್ಟುಬಿಡುವುದೇ ಮೇಲು. (ಕೋಲಾರ, ಚಿಕ್ಕಬಳ್ಳಾಪುರದವರಿಗೆ ಒಂದು ಮಾತು: ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗೆ ಬಿಡುವುದು ಅಂತರ್ಜಲಕ್ಕಾಗಿ, ನೇರವಾಗಿ ಗದ್ದೆಗೆ ಹಾಯಿಸಲಿಕ್ಕಲ್ಲ.)

ಹತ್ತು ಗುಂಟೆಗೆ ನಾಲ್ಕು ಕಿಲೋ ಬೀಜ ಸಾಕು, ಕಾಳು ಸಣ್ಣದು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದು, ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಏಳುವುದಿಲ್ಲ. ಒಂದು ದಿನ ನೆನೆಸಿ, ಒದ್ದೆ ಗೋಣಿಚೀಲದಲ್ಲಿ ಇನ್ನೊಂದು ದಿನ ಕಟ್ಟಿಟ್ಟು, ಮೊಳಕೆ ಇಣುಕಿದಾಗ ಚೆಲ್ಲಿ. ನಾಟಿಗೆ ಸಾಲಿನ ಅಂತರ 25 ಸೆಂಟಿಮೀಟರ್, ಗುಣಿಯ ಅಂತರ 20, ಗುಣಿಗೆ ಎರಡು ಸಸಿ.

ಗೊಬ್ಬರದ ವಿಷಯದಲ್ಲಿ ಜಿಪುಣತನವೇ ಜಾಣತನ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿದ ಹತ್ತು ಗುಂಟೆಗೆ ಯೂರಿಯ ನಾಲ್ಕೈದು ಕಿಲೋ ಮೀರಬಾರದು, ಅದನ್ನೂ ನಾಟಿಯಾದ ಮೂರನೇ ವಾರ ಮತ್ತು ಹೊಡೆ ಬರುವ ಮುಂಚೆ ಎರಡು ಪಾಲು ಮಾಡಿ. ಪಕ್ಕದ ಗದ್ದೆಯ ಕಡುಹಸಿರು ನೋಡಿ ಇನ್ನೊಂದು ಹಿಡಿ ಎರಚಿದರೆ ಬೆಂಕಿ ರೋಗ ಹತ್ತುತ್ತದೆ, ಎತ್ತರದ ಪೈರು ಹಿಂಗಾರು ಮಳೆಗೆ ನೆಲ ಕಚ್ಚುತ್ತದೆ. 2021ರ ನವೆಂಬರ್ ಮಳೆ ಈ ಜಿಲ್ಲೆಗಳ ರಾಗಿಯನ್ನು ಮಲಗಿಸಿದ್ದು ಮರೆಯುವಂಥದ್ದಲ್ಲ. ಮಲಗಿದ ಭತ್ತ ತೆನೆಯಲ್ಲೇ ಮೊಳೆಯುತ್ತದೆ, ಅದರಲ್ಲಿ ಪರಿಮಳ ಹುಡುಕುವುದು ವ್ಯರ್ಥ.

ಇನ್ನೊಂದು ಕೇಡು ಬೆರಕೆ. ಹಿಂದಿನ ಬೆಳೆಯ ಉದುರು ಕಾಳು, ಒಕ್ಕಣೆ ಯಂತ್ರದ ಮೂಲೆಯಲ್ಲಿ ಉಳಿದ ಭತ್ತ, ಇವೇ ಘಮವನ್ನು ಕೆಲವೇ ವರ್ಷದಲ್ಲಿ ತಿಂದುಹಾಕುವುದು. ಬೇರೆ ತಳಿಯ ಗದ್ದೆಯಿಂದ ಮೂರು ಮೀಟರ್ ದೂರ ಬಿಡಿ. ತೆನೆ ಬಂದಾಗ ಎತ್ತರ, ಬಣ್ಣ ಬೇರೆ ಕಂಡ ಪೈರನ್ನು ಬುಡಸಮೇತ ಕೀಳಿ. ಬೀಜಕ್ಕೆ ಆರಿಸುವ ಗುಣಿಯಿಂದ ನಾಲ್ಕು ಕಾಳು ಸುಲಿದು ಅಗಿದು ನೋಡಿ. ನಾಲಿಗೆಗೆ ಸಂಶಯವಾದರೆ ಹತ್ತು ಕಾಳು ಸುಲಿದು ಲೋಟದಲ್ಲಿ ಹಾಕಿ, ಕುದಿನೀರು ಸುರಿದು, ಹತ್ತು ನಿಮಿಷ ಮುಚ್ಚಿಟ್ಟು, ತೆರೆದೊಡನೆ ಮೂಸಿ. ಮೊದಲ ವರ್ಷದ ಬೀಜವನ್ನು ದೇಸಿ ತಳಿ ಉಳಿಸಿಕೊಂಡು ಬಂದ ರೈತರಿಂದ ಇಲ್ಲವೇ ಸಹಜ ಸಮೃದ್ಧದಂಥ ಸಂಸ್ಥೆಯಿಂದ ತರುವುದು ಒಳ್ಳೆಯದು. ಸಂತೆಯಲ್ಲಿ ಗಂಧಸಾಲೆ ಎಂದು ಸಿಗುವುದೆಲ್ಲ ಗಂಧಸಾಲೆ ಅಲ್ಲ.

ಸುತ್ತಲಿನ ಬೆಳೆಗಿಂತ ಬೇರೆ ಹೊತ್ತಿನಲ್ಲಿ ತೆನೆ ಬಿಡುವ ಪುಟ್ಟ ಗದ್ದೆಗೆ ಊರಿನ ಗೀಜಗ, ಕಾಳಿನ ಹಾಲು ಹೀರುವ ಭತ್ತದ ತಿಗಣೆ ಎಲ್ಲ ಬಂದು ಸೇರುತ್ತವೆ. ಕಾಳಲ್ಲಿ ಹಾಲು ತುಂಬುವ ಹದಿನೈದು ದಿನ ಬೆಳಿಗ್ಗೆ, ಸಂಜೆ ಕಾವಲು ಬೇಕೇ ಬೇಕು.

ಹೂವಾದ ಮೇಲೆ 30ರಿಂದ 35 ದಿನಕ್ಕೆ, ತೆನೆಯ ಬುಡದ ಒಂದೆರಡು ಕಾಳು ಇನ್ನೂ ಹಸಿರಿರುವಾಗಲೇ ಕುಯ್ಯಿರಿ. ಅದಕ್ಕೆ ಹತ್ತು ದಿನ ಮುಂಚೆ ನೀರು ಬಸಿಯಬೇಕು. ಪೂರ್ತಿ ಒಣಗಲಿ ಎಂದು ಕಾದಷ್ಟೂ ಘಮ ಇಳಿಯುತ್ತದೆ, ಮಿಲ್ಲಿನಲ್ಲಿ ನುಚ್ಚೂ ಹೆಚ್ಚು. ಒಣಗಿಸುವಾಗ ಟಾರು ರಸ್ತೆಯ ಮೇಲೆ ಹರವಬೇಡಿ. ಕಣದಲ್ಲಿ ತೆಳುವಾಗಿ, ಬೆಳಗಿನ ಬಿಸಿಲಿಗೆ, ನಡುಹಗಲಲ್ಲಿ ನೆರಳಿಗೆ ಎಳೆದು ಮೂರ್ನಾಲ್ಕು ದಿನ ಒಣಗಿಸಿ. ತೇವ ಶೇ. 13–14ಕ್ಕೆ ಬಂದಾಗ ಕಾಳು ಹಲ್ಲಿಗೆ ಕಟ್ಟೆಂದು ಮುರಿಯುತ್ತದೆ.

ಇಳುವರಿ ಐಆರ್ 64ರ ಅರ್ಧದಷ್ಟು ಎಂದುಕೊಳ್ಳಿ. ಉದ್ದನೆಯ ಹುಲ್ಲು ದನಕ್ಕೆ ಲಾಭ. ಎಲ್ಲವನ್ನೂ ಒಟ್ಟಿಗೆ ಅಕ್ಕಿ ಮಾಡಿಸಬೇಡಿ. ಭತ್ತವಾಗಿಯೇ ಇಟ್ಟು ಎರಡು ತಿಂಗಳಿಗಾಗುವಷ್ಟನ್ನು ಮಾತ್ರ ಮಿಲ್ಲಿಗೆ ಒಯ್ಯಿರಿ, ಪಾಲಿಶ್ ಕಡಿಮೆ ಮಾಡಿಸಿ. ಕುಸುಬಲಕ್ಕಿ ಮಾಡಿಸುವುದಂತೂ ಬೇಡ, ಕುದಿಯುವ ಹಂಡೆಯಲ್ಲೇ ಪರಿಮಳ ಹಾರಿಹೋಗುತ್ತದೆ. ಹೊಸ ಅಕ್ಕಿ ಅನ್ನಕ್ಕೆ ಮುದ್ದೆಯಾಗುತ್ತದೆ, ಹಳೆಯದಕ್ಕೆ ಘಮ ಕಡಿಮೆ. ಕುಯ್ದ ಮೂರು ತಿಂಗಳ ಮೇಲೆ ಅಕ್ಕಿ ಮಾಡಿಸಿದರೆ ಎರಡೂ ಒಂದು ಹದಕ್ಕೆ ಬರುತ್ತವೆ.

ಅಡುಗೆಯಲ್ಲಿ ಎರಡೇ ಸಲ ತೊಳೆದು, ಕಾಲು ಗಂಟೆ ನೆನೆಸಿ, ಪಾವಿಗೆ ಎರಡು ಪಾವು ನೀರಿಗಿಂತ ತುಸು ಕಡಿಮೆ ಇಟ್ಟು, ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಕುಕ್ಕರಿನ ಸೀಟಿಯ ಜೊತೆ ಹೋಗುವ ಆವಿಯಲ್ಲೇ ಘಮವೂ ಹೋಗುತ್ತದೆ. ದಿನದ ಅನ್ನಕ್ಕಾದರೆ ಮೂರು ಪಾವು ಸಣ್ಣಕ್ಕಿಗೆ ಒಂದು ಪಾವು ಗಂಧಸಾಲೆ ಬೆರೆಸಿದರೂ ಸಾಕು.